ಗ್ರ್ಯಾಂಡ್‌ಮಾಸ್ಟರರ ತಪ್ಪು ಹಿಡಿದ ಭಾನುವಾರ

ಜೂನ್ ಎಂಟು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಒಬ್ಬ ಗ್ರ್ಯಾಂಡ್‌ಮಾಸ್ಟರ್ ಆಡಿದ ಚೆಸ್ ಆಟವನ್ನು ಕಂಪ್ಯೂಟರಿನ ಸಹಾಯದಿಂದ ಬಿಡಿಸಿ ನೋಡೋಣವೆಂದು ನಾನು ಊಟದ ಮೇಜಿನ ಮುಂದೆ ಕುಳಿತದ್ದು ಆಗ. ಗಂಟೆ ನಿಮಿಷ ಬರೆದಿಡುವುದು ನನ್ನ ಚಾಳಿ. ಹಾಲು ಉಕ್ಕಿದ ದಿನ, ಲಿಫ್ಟ್ ಕೆಟ್ಟ ದಿನ, ನಾನು ಚೆಸ್‌ನಲ್ಲಿ ಸೋತ ದಿನ, ಎಲ್ಲಕ್ಕೂ ನನ್ನಲ್ಲಿ ಲೆಕ್ಕವಿದೆ. ಮೂರನೆಯದು ಉಳಿದೆರಡನ್ನೂ ಬಹಳ ಹಿಂದೆ ಹಾಕಿದೆ. "ಗೆದ್ದಿದ್ದು ಬರೆಯಲ್ವೇನೆ?" ಎಂದು ಅಮ್ಮ ಒಮ್ಮೆ ಕೇಳಿದ್ದಳು. ಬರೆಯುತ್ತೇನೆ, ಅದಕ್ಕೂ ಜಾಗ ಬಿಟ್ಟಿದ್ದೇನೆ. ಆ ಜಾಗ ಇವತ್ತಿಗೂ ಬಹಳ ಚೊಕ್ಕಟವಾಗಿದೆ.

ಇಂಥವರಿಗೆಂದೇ ಚೆಸ್ ಇಂಜಿನ್ ಹುಟ್ಟಿದೆ. ಇಂಜಿನ್ ಎಂದರೆ ಹೊಗೆ ಬಿಡುವ ಯಂತ್ರವಲ್ಲ, ಲ್ಯಾಪ್‌ಟಾಪಿನೊಳಗೆ ಕುಳಿತು ಲಕ್ಷಾಂತರ ನಡೆಗಳನ್ನು ಯೋಚಿಸುವ ಒಂದು ಪ್ರೋಗ್ರಾಂ. ಪರದೆಯ ಪಕ್ಕದಲ್ಲಿ ಕಪ್ಪು ಬಿಳುಪಿನ ಒಂದು ಪಟ್ಟಿ ನಿಂತಿರುತ್ತದೆ. ಬಿಳಿಯವರು ಗೆಲ್ಲುವ ಹಾಗಿದ್ದರೆ ಬಿಳುಪು ಏರುತ್ತದೆ, ಕಪ್ಪಿನವರು ಗೆಲ್ಲುವ ಹಾಗಿದ್ದರೆ ಕಪ್ಪು. ಆದರೆ ಯಾಕೆ ಎಂದು ಮಾತ್ರ ಅದು ಬಾಯಿ ಬಿಡುವುದಿಲ್ಲ. ವೈಟ್‌ಫೀಲ್ಡಿನ ಆಟೋದವರ ಜಾತಿ. "ಅಣ್ಣ, ಬ್ರೂಕ್‌ಫೀಲ್ಡ್ ಬರ್ತೀರಾ?" "ಆ ಕಡೆ ಬರಲ್ಲ ಮೇಡಂ." "ಯಾಕಣ್ಣ?" ಎನ್ನುವಷ್ಟರಲ್ಲಿ ಆಟೋ ಮುಂದಿನ ಸಿಗ್ನಲ್ ದಾಟಿರುತ್ತದೆ. ಆದರೂ ಇಂಜಿನ್ನಿನ ಪಕ್ಕ ಕುಳಿತವರಿಗೆ ಎಲ್ಲಿಲ್ಲದ ಧೈರ್ಯ ಬರುತ್ತದೆ. ಹತ್ತನೆಯ ನಡೆಯೊಳಗೆ ಮಂತ್ರಿಯನ್ನು ಪುಕ್ಕಟೆ ಕೊಟ್ಟು ಏಳುವ ನಾನು, ಜಗತ್ತೇ ತಲೆಬಾಗುವ ಆಟಗಾರರನ್ನು ನೋಡಿ "ಅಯ್ಯೋ ಪಾಪ, ಇದು ಕಾಣಿಸಲಿಲ್ಲವಲ್ಲ" ಎಂದು ಲೊಚಗುಟ್ಟಬಲ್ಲೆ.

ಆ ಭಾನುವಾರ ಲೊಚಗುಟ್ಟುವುದಕ್ಕೆ ಕಾರಣವೂ ಇತ್ತು. ನಮ್ಮ ಅಪಾರ್ಟ್‌ಮೆಂಟಿಗೂ ಎದುರಿನ ಅಪಾರ್ಟ್‌ಮೆಂಟಿಗೂ ನಾಲ್ಕು ನಾಲ್ಕು ಜನರ ಚೆಸ್ ಪಂದ್ಯ ನಿಗದಿಯಾಗಿತ್ತು. ಮೂರು ಜಾಗ ತುಂಬಿದ್ದವು. ನಾಲ್ಕನೆಯ ಬೋರ್ಡಿಗೆ ಯಾರು ಎಂಬ ಪ್ರಶ್ನೆ ಬಂದಾಗ ನಮ್ಮ ಚೆಸ್ ಸಂಘದ ಕಾರ್ಯದರ್ಶಿ, ನಿವೃತ್ತ ಇಂಜಿನಿಯರ್ ರುದ್ರಮುನಿ ಸಾರ್, ಒಂದು ಉಪಾಯ ಹೇಳಿದರು. ಭಾನುವಾರ ಸಂಜೆ ಐದಕ್ಕೆ ಕ್ಲಬ್‌ಹೌಸಿನಲ್ಲಿ ಯಾರಾದರೂ ಒಂದು ದೊಡ್ಡ ಆಟವನ್ನು ಚೆನ್ನಾಗಿ ವಿವರಿಸಿದರೆ ಜಾಗ ಅವರಿಗೆ. ನಾಲ್ಕನೆಯ ಬೋರ್ಡೆಂದರೆ ತಂಡದ ಕಟ್ಟಕಡೆಯ ಕುರ್ಚಿ. ನನಗೋ ಅದು ಸಿಂಹಾಸನ. ಆಡಿ ಗೆದ್ದು ಅದರ ಮೇಲೆ ಕೂರುವ ಯೋಗ ನನಗಿಲ್ಲ ಎಂಬುದು ನನ್ನ ಲೆಕ್ಕದಿಂದಲೇ ಗೊತ್ತಿತ್ತು. ಮಾತಾಡಿಯಾದರೂ ಕೂರೋಣ ಎಂದು ಹೆಸರು ಕೊಟ್ಟೆ.

ಆಟವನ್ನು ಇಡಿಯಾಗಿ ಕಂಪ್ಯೂಟರಿಗೆ ಸುರಿಯಬಹುದು, ಒಂದು ಕ್ಷಣದ ಕೆಲಸ. ನಾನು ಹಾಗೆ ಮಾಡುವವಳಲ್ಲ. ಒಂದೊಂದೇ ನಡೆಯನ್ನು ಕೈಯಾರೆ ನಡೆಸಿದರೆ ತಲೆಗೆ ಹತ್ತುತ್ತದೆ ಎಂಬುದು ನನ್ನ ಸಿದ್ಧಾಂತ. ದಾವಣಗೆರೆಯಿಂದ ಬಂದಿದ್ದ ಅಮ್ಮ ಎದುರಿಗೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಆಟದ ಪ್ರಿಂಟನ್ನು ಅವಳ ಮುಂದಿಟ್ಟು, "ಓದ್ತಾ ಹೋಗಮ್ಮ" ಎಂದೆ.

"ಆರ್ ಅಂತ ಇದೆ. ರಾಜನಾ?"

"ಅಲ್ಲ, ಆನೆ."

"ಹಂಗಾದ್ರೆ ರಾಜ ಯಾವುದು?"

"ಕೆ. ಕಿಂಗ್ ಅಲ್ವಾ?"

"ಮತ್ತೆ ಕುದುರೆ?"

"ಎನ್. ಕೆ ಅಕ್ಷರ ರಾಜ ತಗೊಂಡುಬಿಟ್ಟ, ಅದಕ್ಕೆ ಕುದುರೆಗೆ ಎನ್ ಕೊಟ್ಟಿದಾರೆ."

ಅಮ್ಮ ಬೆಳ್ಳುಳ್ಳಿ ಕೆಳಗಿಟ್ಟಳು. "ಕೆ ಅಂದ್ರೆ ಕುದುರೆ, ಆರ್ ಅಂದ್ರೆ ರಾಜ ಅಂತ ಇಟ್ಟಿದ್ರೆ ಇವರ ಗಂಟೇನು ಹೋಗ್ತಿತ್ತು? ನೀನೇ ಹೇಳು." ಇದರಲ್ಲಿ ನ್ಯಾಯವಿದೆ ಎಂದು ನನಗೂ ಅನ್ನಿಸಿತು. ಅನ್ನಿಸಬಾರದಿತ್ತು.

ಓದು ಸಾಗಿತು. ರಾಜ ಆನೆಯ ಮರೆಗೆ ಸೇರಿ ಕೋಟೆ ಕಟ್ಟಿಕೊಳ್ಳುವ ನಡೆ ಬಂದಾಗ ಅಮ್ಮ "ಸೊನ್ನೆ, ಅಡ್ಡಗೆರೆ, ಸೊನ್ನೆ. ಯಾರದೋ ಮಾರ್ಕ್ಸ್ ಕಾರ್ಡ್ ಇದ್ದಂಗೈತೆ" ಎಂದಳು. ಸ್ವಲ್ಪ ಹೊತ್ತಿಗೆ ಅವಳಿಗೂ ಲಯ ಸಿಕ್ಕಿತು. ಎನ್ ಬಂದರೆ ನೇರವಾಗಿ ಕುದುರೆ, ಆರ್ ಬಂದರೆ ಆನೆ ಎಂದು ತಾನೇ ಅನುವಾದಿಸಿ ಓದತೊಡಗಿದಳು. ಮೂವತ್ತೊಂದನೆಯ ನಡೆಗೆ ಬಂದಾಗ ಕುಕ್ಕರ್ ಕೂಗಿತು. ಅಮ್ಮ ಏಳುತ್ತಾ, "ಕೆ, ಎಫ್ ಒಂದು" ಎಂದಳು. ನಾನು ಆ ಮನೆಗೆ ಕಾಯಿ ನಡೆಸಿದೆ.

ಪಕ್ಕದ ಪಟ್ಟಿ ಧಡಕ್ಕನೆ ಕಪ್ಪಾಯಿತು! ಅಲ್ಲಿಯವರೆಗೆ ಸರಿಸಮನಾಗಿದ್ದ ಬಿಳಿಯವರ ಸಂಸಾರ ಒಂದೇ ನಡೆಗೆ ಬೀದಿಗೆ ಬಂದಿತ್ತು. ನಾನು ಕುರ್ಚಿಯಿಂದ ಎದ್ದೆ, ಕುಳಿತೆ, ಮತ್ತೆ ಎದ್ದೆ. ಗ್ರ್ಯಾಂಡ್‌ಮಾಸ್ಟರ್ ಮಹಾ ತಪ್ಪು ಮಾಡಿದ್ದಾರೆ, ಎದುರಾಳಿ ಅದನ್ನು ನೋಡಿಯೇ ಇಲ್ಲ, ಕೊನೆಗೆ ಆಟ ಡ್ರಾ! ಇಡೀ ಜಗತ್ತಿನ ಕಣ್ಣು ತಪ್ಪಿದ್ದು ಬ್ರೂಕ್‌ಫೀಲ್ಡಿನ ಮೂರನೆಯ ಮಹಡಿಯಲ್ಲಿ ಸಿಕ್ಕಿಬಿದ್ದಿದೆ!

"ಮುಂದೆ ಓದ್ಲೇನೆ?" ಎಂದು ಅಮ್ಮ ಒಳಗಿಂದ ಕೇಳಿದಳು.

"ಬೇಡಮ್ಮ, ಇತಿಹಾಸ ಇಲ್ಲೇ ಆಗೋಯ್ತು!"

ಪರದೆಯ ಚಿತ್ರ ತೆಗೆದು ರುದ್ರಮುನಿ ಸಾರ್‌ಗೆ ಕಳಿಸಿದೆ. ಅವರು ತಡೆಯಲಾರದೆ ಅದನ್ನು ಎದುರಿನ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗೂ ಕಳಿಸಿದರಂತೆ, ಹೊಟ್ಟೆ ಉರಿಯಲಿ ಎಂದು.

ಸಂಜೆ ಕ್ಲಬ್‌ಹೌಸಿನಲ್ಲಿ ಅಮ್ಮ ಮಾಡಿದ ಮಂಡಕ್ಕಿಯ ವಾಸನೆಗೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಗೋಡೆಯ ಟಿವಿಯಲ್ಲಿ ಆಟ ಹಾಕಿ ನಾನು ಮಾತಾಡಿದೆ. ಗ್ರ್ಯಾಂಡ್‌ಮಾಸ್ಟರರ ಆಯಾಸ, ಗಡಿಯಾರದ ಒತ್ತಡ, ದೊಡ್ಡವರ ಒಳಗೂ ಕೂತಿರುವ ಚಿಕ್ಕ ಭಯ, ಒಂದನ್ನೂ ಬಿಡಲಿಲ್ಲ. "ಹೆದರಿದ ಮನಸ್ಸು ಕುದುರೆಯನ್ನು ಹಿಂದಕ್ಕೆ ಕರೆಯುತ್ತದೆ" ಎಂದು ನಾನು ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಬರೆದುಕೊಂಡರು.

ನಮ್ಮ ಮೊದಲ ಬೋರ್ಡಿನ ಆಟಗಾರ ಮುನಿರಾಜಣ್ಣ. ಈ ಅಪಾರ್ಟ್‌ಮೆಂಟ್ ನಿಂತಿರುವುದು ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ. ಅವರು ತೊಡೆ ತಟ್ಟಿದರು. "ಅದೇ ಮತ್ತೆ! ಕುದ್ರೇನ ಇಂಗೆ ಇಂದಕ್ಕೆ ಎಳ್ಕಂಡ್ರೆ ರಾಜನ್ನ ಯಾರು ಕಾಯ್ತಾರೆ? ನಾನಾಗಿದ್ರೆ ಸತ್ರೂ ಆಡ್ತಿರ್ಲಿಲ್ಲ."

"ಅತಿಯಾದ ಆತ್ಮವಿಶ್ವಾಸ" ಎಂದು ರುದ್ರಮುನಿ ಸಾರ್ ಕನ್ನಡಕ ಒರೆಸಿಕೊಂಡರು. "ದೊಡ್ಡೋರು ಬೀಳೋದೇ ಇಲ್ಲಿ. ನಾಲ್ಕನೇ ಬೋರ್ಡ್ ನಿಂದೇ ಕಣಮ್ಮ."

ಚಪ್ಪಾಳೆ ಬಿತ್ತು. ಮಂಡಕ್ಕಿ ಹಂಚುತ್ತಿದ್ದ ಅಮ್ಮ ಟಿವಿಯ ಮುಂದೆ ನಿಂತು ಕಣ್ಣು ಕಿರಿದು ಮಾಡಿದಳು.

"ಪುಟ್ಟೀ, ಆ ಕುದುರೆ ಯಾಕೆ ಅಲ್ಲಿಗೆ ಬಂತು?"

"ನೀನೇ ಓದಿದ್ದಲ್ಲಮ್ಮ."

"ನಾನೆಲ್ಲಿ? ಕುದುರೆ ಆಗಿದ್ರೆ ಕುದುರೆ ಅಂತಿದ್ದೆ. ನಾನು ಕೆ ಅಂದೆ."

ಕೆ ಎಂದದ್ದು ನನ್ನ ತಲೆಯಲ್ಲಿ ಕುದುರೆಯಾಗಿಬಿಟ್ಟಿತ್ತು. ನಾನು ನಿಧಾನವಾಗಿ ಕುದುರೆಯನ್ನು ಅದರ ಜಾಗಕ್ಕೆ ಕಳಿಸಿ, ಪಕ್ಕದಲ್ಲಿದ್ದ ರಾಜನನ್ನು ಒಂದು ಮನೆ ಸರಿಸಿದೆ. ಅವನೂ ಅದೇ ಮನೆಗೆ ಹೋಗಬಹುದಿತ್ತು. ಅವನೇ ಹೋಗಿದ್ದದ್ದು. ಪಟ್ಟಿ ಏನೂ ಆಗಿಯೇ ಇಲ್ಲವೆಂಬಂತೆ ನಡುವಿಗೆ ಬಂದು ನಿಂತಿತು.

ಮೊದಲು ಚೇತರಿಸಿಕೊಂಡವರು ಮುನಿರಾಜಣ್ಣ. "ಅದೇ ಮತ್ತೆ! ರಾಜನ್ನ ಇಂಗೆ ಪಕ್ಕಕ್ಕೆ ಸರಿಸ್ಬೇಕು. ನಾನಾಗಿದ್ರೂ ಅದನ್ನೇ ಆಡ್ತಿದ್ದೆ."

ಅಷ್ಟರಲ್ಲಿ ರುದ್ರಮುನಿ ಸಾರ್ ಫೋನು ಟಿಣ್ ಎಂದಿತು. ಎದುರಿನ ಕಾರ್ಯದರ್ಶಿಯ ಉತ್ತರ. ಸಾರ್ ಅದನ್ನು ಎರಡು ಸಲ ಮನಸ್ಸಿನಲ್ಲೇ ಓದಿ, ಮೂರನೆಯ ಸಲ ಗಟ್ಟಿಯಾಗಿ ಓದಿದರು. "ಪರವಾಗಿಲ್ಲ, ಚೆನ್ನಾಗಿದೆ. ಆದರೆ ಕುದುರೆಯ ಈ ತಪ್ಪನ್ನು ನಮ್ಮ ತಂಡ ಹೋದ ವಾರವೇ ಕಂಡುಹಿಡಿದಿತ್ತು."

ಆಗ ಎದ್ದ ನಗೆಗೆ ವಾಚ್‌ಮನ್ ಏನಾಯಿತೆಂದು ಓಡಿ ಬಂದ. ನಾನು ನಕ್ಕು ನಕ್ಕು ನೆಲದ ಮೇಲೆ ಕುಳಿತೆ. ಮುನಿರಾಜಣ್ಣನಿಗೆ ಮಂಡಕ್ಕಿ ನೆತ್ತಿಗೆ ಹತ್ತಿತು, ಅಮ್ಮ ಅವರ ಬೆನ್ನಿಗೆ ಗುದ್ದಿದಳು. ಕಣ್ಣೀರು ಒರೆಸಿಕೊಳ್ಳುತ್ತಾ ರುದ್ರಮುನಿ ಸಾರ್ ತೀರ್ಪು ಕೊಟ್ಟರು: "ಇಂಥವರ ಮೇಲೆ ಆಡೋದಕ್ಕೆ ನೀನೇ ಸರಿ ಕಣಮ್ಮ. ಕೊಟ್ಟ ಬೋರ್ಡ್ ವಾಪಸ್ ತಗೊಳಲ್ಲ."

ಹೀಗೆ ಸಿಂಹಾಸನ ಉಳಿಯಿತು. ಮುಂದಿನ ತಿಂಗಳು ಪಂದ್ಯ. ಆದರೆ ಒಂದು ವಿಷಯ ನನ್ನನ್ನು ಇನ್ನೂ ಕೊರೆಯುತ್ತಿದೆ. ಕುದುರೆ ಯಾಕೆ ಅಲ್ಲಿಗೆ ಹೋಯಿತು ಎಂದು ನಾನು ಒಂದು ಗಂಟೆ ಬೇಕಾದರೂ ಮಾತಾಡಬಲ್ಲೆ, ಅದು ಹೋಗಿಯೇ ಇರಲಿಲ್ಲ. ನಿಜವಾಗಿ ಹೋದ ರಾಜ ಯಾಕೆ ಹೋದ ಎಂದು ಕೇಳಿದರೆ ಒಂದು ವಾಕ್ಯವೂ ಹೊರಡುತ್ತಿಲ್ಲ. ಇಂಜಿನ್ನನ್ನು ಕೇಳಿದೆ, ಅದು ಎರಡೂ ಕಡೆ ಸಮ ಎಂಬ ಸೊನ್ನೆ ತೋರಿಸಿ ಸುಮ್ಮನಾಯಿತು. ಗಟ್ಟಿ ಕೋಟೆಯೊಳಗಿದ್ದ ರಾಜನೊಬ್ಬ, ಯಾರೂ ಅಟ್ಟದೆ ಇರುವಾಗ, ಸುಮ್ಮನೆ ಒಂದು ಮನೆ ಪಕ್ಕಕ್ಕೆ ಸರಿಯುವುದೇಕೆ? ಬಲ್ಲವರು ಯಾರಾದರೂ ದಯವಿಟ್ಟು ಬರೆದು ತಿಳಿಸಬೇಕು. ಬರೆಯುವಾಗ ಕೆ, ಎನ್ ಎಂಬ ಅಕ್ಷರ ಬೇಡ, ರಾಜನನ್ನು ರಾಜ ಎಂದೇ ಬರೆಯಿರಿ. ಪತ್ರವನ್ನು ಅಮ್ಮ ಓದುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ. ನಾನು ಹೇಗೆ ಕೇಳಿಸಿಕೊಳ್ಳುತ್ತೇನೆಂದು ನಿಮಗೀಗ ಗೊತ್ತಾಗಿದೆ.