ಹಾಲಿನ ಏಳು ಕಿಂಡಿಗಳು

ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವನೊಬ್ಬ ತನಗೆ ಗಾಳಿ ಆಗುವುದಿಲ್ಲ ಎಂದರೆ ಕೇಳಿದವರು ನಗುತ್ತಾರೆ. ಆದರೂ ಹೇಳಿಬಿಡುತ್ತೇನೆ, ನನಗೆ ಗಾಳಿ ಆಗುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಪೇಪರು ಬಿಡಿಸಿದರೆ ಅದರ ಕ್ರೀಡಾಪುಟ ಪಕ್ಕದವನ ಮುಖಕ್ಕೆ ಹೋಗಿ ಅಂಟುತ್ತದೆ. ಕೊಡೆ ಬಿಚ್ಚಿದರೆ ಅದು ಮೇಲಕ್ಕೆ ಮಗುಚಿಕೊಳ್ಳುತ್ತದೆ. ಕಾರವಾರದ ದಂಡೆಯ ಮೇಲೆ ತೆಗೆಸಿಕೊಂಡ ನಮ್ಮ ಮದುವೆಯ ಫೋಟೋದಲ್ಲಿ ನನ್ನ ಹೆಂಡತಿ ಮಾಲಿನಿ ಕ್ಯಾಮೆರಾ ನೋಡುತ್ತಿದ್ದಾಳೆ, ನನ್ನ ಕೂದಲು ಮಾತ್ರ ಒಟ್ಟಾಗಿ ಗೋವೆಯ ಕಡೆಗೆ ನೋಡುತ್ತಿದೆ. ಆಗ ನೋಡುವುದಕ್ಕಾದರೂ ಕೂದಲಿತ್ತು. ಈಗ ಉಳಿದಿರುವುದನ್ನು ಎಡಗಿವಿಯ ಮೇಲಿನಿಂದ ಎತ್ತಿ, ನಡುನೆತ್ತಿ ದಾಟಿಸಿ, ಬಲಗಿವಿಯವರೆಗೆ ತಲುಪಿಸಬೇಕು. ಇದು ದಿನವೂ ಬೆಳಿಗ್ಗೆ ಕಾಲು ಗಂಟೆಯ ಕೆಲಸ. ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಒಂದೇ ಬೀಸಿನಲ್ಲಿ ಕೆಡವುವ ಗಾಳಿಯ ಮೇಲೆ ನನಗೆ ಪ್ರೀತಿ ಹೇಗೆ ಬರಬೇಕು?

ನನ್ನ ದುರದೃಷ್ಟಕ್ಕೆ ನನಗೆ ನೌಕರಿ ಸಿಕ್ಕಿದ್ದು ಗಾಳಿಗೆಂದೇ ಕಟ್ಟಿದ ಕಟ್ಟಡದಲ್ಲಿ. ಕಾರವಾರಕ್ಕೂ ಅಂಕೋಲೆಗೂ ಸಮಾನವಾಗಿ ಸಂಬಂಧ ಹೇಳಿಕೊಳ್ಳುವ ಸಣ್ಣ ಪಟ್ಟಣ ನಮ್ಮದು. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆ ಪೇಟೆಯಲ್ಲಿ ನನಗೆ ತಾಜಾ ಬಂಗಡೆ ಸಿಗುವುದು ಕಷ್ಟ. ಅಲ್ಲಿಯ ಪುರಸಭೆಯ ಹಳೆಯ ಸಭಾಭವನವೇ ನಮ್ಮ ಕಚೇರಿ. ಊರವರು ಅದನ್ನು ‘ಹಾಲು’ ಎನ್ನುತ್ತಾರೆ. ಹೊಸಬರು ಬಂದು ಹಾಲು ಎಲ್ಲಿ ಎಂದು ಕೇಳಿದರೆ ಅರ್ಧ ಜನ ಡೈರಿ ತೋರಿಸುತ್ತಾರೆ, ಅರ್ಧ ಜನ ನಮ್ಮನ್ನು. ಕೆಂಪು ಚಿರೆಕಲ್ಲಿನ ಎರಡು ಮೊಳ ದಪ್ಪದ ಗೋಡೆ, ಕಡಲಿಗೆ ಮುಖ ಮಾಡಿದ ಜಗಲಿಯ ಉದ್ದಕ್ಕೂ ಕಮಾನುಗಳು, ಹತ್ತುವಾಗ ಒಂದು ದನಿ ಇಳಿಯುವಾಗ ಇನ್ನೊಂದು ದನಿ ಮಾಡುವ ಸಾಗವಾನಿಯ ಏಣಿಮೆಟ್ಟಿಲು, ಮೇಲೆ ಮಂಗಳೂರು ಹಂಚು. ಮಹಡಿಯಲ್ಲಿ ಸಭೆ ನಡೆಯುವ ದೊಡ್ಡ ಕೋಣೆ. ಅದರ ಪಶ್ಚಿಮದ ಗೋಡೆಗೆ ಬೆನ್ನು ಹಾಕಿದಂತೆ ನನ್ನ ಮೇಜು. ನನ್ನ ತಲೆಯ ಮೇಲೆ, ಹಂಚಿನ ಮಾಡಿನ ಕೆಳಗೆ, ತೊಲೆಯ ತುದಿಗಳು ಗೋಡೆಯೊಳಗೆ ಹೊಗುವಲ್ಲಿ ಸಾಲಾಗಿ ಏಳು ಕಿಂಡಿಗಳು. ಒಂದೊಂದರಲ್ಲೂ ಒಂದು ತೆಂಗಿನಕಾಯಿ ಸಲೀಸಾಗಿ ತೂರಬಹುದು. ಕಡಲಿನ ಗಾಳಿಯಂತೂ ಕೇಳುವುದೇ ಬೇಡ. ಒಮ್ಮೆ ಅಧ್ಯಕ್ಷರ ಸಹಿಯಾಗಬೇಕಿದ್ದ ಕಾಗದವೊಂದು ಕಿಟಕಿಯಿಂದ ಹಾರಿ, ಕೆಳಗೆ ಮೀನು ಮಾರುತ್ತಿದ್ದ ಹೆಂಗಸಿನ ಬುಟ್ಟಿಯಲ್ಲಿ ಬಿತ್ತು. ಅವಳು ಅದನ್ನು ಒಪ್ಪವಾಗಿ ಮಡಚಿ, ಕಾಲು ಕಿಲೋ ಸಿಗಡಿಯೊಂದಿಗೆ ಯಾರಿಗೋ ಕೊಟ್ಟು ಕಳಿಸಿದ್ದಳು.

ಹೀಗಿರುವಾಗ, ಹನ್ನೆರಡು ವರ್ಷಗಳ ಹಿಂದೆ, ಕಂಪೌಂಡಿನ ರಿಪೇರಿಗೆಂದು ಗವಂಡಿಯೊಬ್ಬ ಬಂದಿದ್ದ. ಕೆಲಸ ಮುಗಿದ ಮೇಲೆ ಒಂದೂವರೆ ಬುಟ್ಟಿ ಸಿಮೆಂಟು ಉಳಿಯಿತು. ಅದು ವ್ಯರ್ಥವಾಗುತ್ತದಲ್ಲ ಎಂದು ನನಗೆ ಅನ್ನಿಸಿತು. ಸರ್ಕಾರಿ ಸಾಮಾನು ವ್ಯರ್ಥವಾಗಬಾರದೆಂಬ ಕಾಳಜಿ ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಗವಂಡಿಗೆ ಚಹಾ, ಎರಡು ಬನ್ಸ್ ತರಿಸಿಕೊಟ್ಟು ಮೇಲಕ್ಕೆ ಕರೆದುಕೊಂಡು ಹೋದೆ. ಸಂಜೆಯ ಹೊತ್ತಿಗೆ ಏಳೂ ಕಿಂಡಿ ಒಳಗಿನಿಂದ ಬಂದ್ ಆದವು. ಮರುದಿನ ನನ್ನ ಕಾಗದಗಳು ಇಟ್ಟಲ್ಲೇ ಇದ್ದವು. ಕೂದಲೂ ಇಟ್ಟಲ್ಲೇ ಇತ್ತು. ಇಷ್ಟು ಸುಲಭದ ಉಪಾಯ ನೂರು ವರ್ಷದಿಂದ ಈ ಕಟ್ಟಡದಲ್ಲಿ ಕೂತುಹೋದ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಕೆಲವು ಮಳೆಗಾಲ ಕಳೆದ ಮೇಲೆ ಆ ಗೋಡೆ ಹಸಿಯಾಗತೊಡಗಿತು. ಮೊದಲು ಬೂಸಲು, ಆಮೇಲೆ ಸುಣ್ಣದ ಹಕ್ಕಳೆ, ಆಮೇಲೆ ನನ್ನ ಕುರ್ಚಿಯ ಹಿಂದೆ ಮೇಲಿನಿಂದ ಕೆಳಕ್ಕೆ ಬೆರಳು ಹೋಗುವಷ್ಟು ಬಿರುಕು. ಹೋದ ವರ್ಷ ಮಾಡಿನ ಒಂದು ಮೂಲೆಯೇ ತಗ್ಗಿತು. ಎಂಜಿನಿಯರರು ಬಂದು, ತಲೆಯೆತ್ತಿ ನೋಡಿ, ಕಟ್ಟಡಕ್ಕೆ ವಯಸ್ಸಾಯಿತು ಎಂದರು. ವಯಸ್ಸಾದದ್ದನ್ನು ಕೆಡವಿ ಅಲ್ಲಿ ಮೂರು ಅಂತಸ್ತಿನ ಅಂಗಡಿ ಮಳಿಗೆ ಕಟ್ಟುವ ಮಾತು ಹುಟ್ಟಿತು. ಮೆಟ್ಟಿಲ ಪಕ್ಕದ ಕಮಾನಿನ ನೆರಳಲ್ಲಿ ತಾಯಂದಿರ ಕಾಲದಿಂದ ಮೀನು ಮಾರಿಕೊಂಡು ಬಂದ ಹೆಂಗಸರು, ಮಳಿಗೆಯಾದರೆ ತಮ್ಮನ್ನು ಎಲ್ಲಿ ಕೂರಿಸುತ್ತೀರಿ ಎಂದು ದಿನವೂ ಕೇಳತೊಡಗಿದರು. ಹಳೆಯದು ಹೋಗಲೇಬೇಕು ಎಂದು ನಾನೂ ಎಲ್ಲರ ಜೊತೆ ತಲೆಯಾಡಿಸಿದ್ದೆ.

ಅಷ್ಟರಲ್ಲಿ ಹೊಸ ಮುಖ್ಯಾಧಿಕಾರಿ ಬಂದರು. ವಯಸ್ಸಿನಲ್ಲಿ ನನ್ನ ಮಗಳಷ್ಟಿರಬಹುದು, ಆದರೆ ಕಡತವನ್ನು ಮೊದಲ ಪುಟದಿಂದ ಓದುವ ಕೆಟ್ಟ ಅಭ್ಯಾಸ ಅವರಿಗಿತ್ತು. ಕೆಡವುವ ಮೊದಲು ಹಳೆಯ ಕಟ್ಟಡಗಳನ್ನು ಪರಿಶೀಲಿಸುವ ಸಮಿತಿ ಒಮ್ಮೆ ನೋಡಿ ಹೋಗಲಿ ಎಂದು ಪತ್ರ ಬರೆದರು. ಸಮಿತಿಯವರ ಮುಂದಿಡಲು ಕಟ್ಟಡದ ಚರಿತ್ರೆ ಬರೆದುಕೊಡಿ ಎಂದು ನನಗೆ ಹೇಳಿದರು. ಬಹಳ ವರ್ಷದಿಂದ ಇಲ್ಲೇ ಕೂತವನು ನಾನೇ ಎಂಬುದು ಅವರ ಲೆಕ್ಕ. ಬಹಳ ವರ್ಷ ಕೂತವನಿಗೆ ಕುರ್ಚಿಯ ಚರಿತ್ರೆ ಗೊತ್ತಿರುತ್ತದೆ, ಕಟ್ಟಡದ್ದಲ್ಲ ಎಂದು ನಾನು ಹೇಳಲಿಲ್ಲ. ಒಂದು ವಾರ ಕೂತು ಒಂಬತ್ತು ಪುಟ ಬರೆದೆ. ಅದರಲ್ಲಿ ಹಡಗುಗಳು ಬಂದವು, ರಾಜರು ಬಂದರು, ಬಿಳಿಯ ಕುದುರೆಯೇರಿ ಒಬ್ಬ ದೊರೆ ಬಂದು ಜಗಲಿಯಲ್ಲಿ ಇಳಿದ. ಕಮಾನುಗಳನ್ನು ನೋಡಿ ದೂರದೇಶದ ಅರಮನೆಗಳು ನಾಚಿದವು. ಮೇಡಂ ಒಂಬತ್ತೂ ಪುಟ ಓದಿದರು. ಓದಿ ಮುಗಿಸಿ ಕೇಳಿದ್ದು ಒಂದೇ ಮಾತು.

“ನಾಯ್ಕರೇ, ಇದನ್ನು ಕಟ್ಟಿದವರು ಯಾರು?”

ಕಟ್ಟಿದವರು! ಆ ಒಂಬತ್ತು ಪುಟದಲ್ಲಿ ಕುದುರೆಯ ಬಣ್ಣವಿತ್ತು, ಕಲ್ಲು ಹೊತ್ತವರ ಸುಳಿವಿರಲಿಲ್ಲ. ಕೆಳಗಿಳಿದು ಬಂದು, ಕಾಗದದಲ್ಲಿ ಸಿಗಡಿ ಕಟ್ಟಿಕೊಟ್ಟ ಆ ಮೀನಿನ ಹೆಂಗಸಿನ ಹತ್ತಿರವೇ ನನ್ನ ಕಷ್ಟ ಹೇಳಿಕೊಂಡೆ. ಅವಳು ಬಂಗಡೆಯ ಮೇಲೆ ನೀರು ಚಿಮುಕಿಸುತ್ತ, ಅಗಸೂರಿನಲ್ಲಿ ಬೀರಮ್ಮಜ್ಜಿ ಎಂಬವಳಿದ್ದಾಳೆ, ಅವಳ ಅಪ್ಪ ಪ್ರತಿ ವರ್ಷ ಈ ಹಾಲಿಗೆ ಸುಣ್ಣ ಹೊಡೆಯಲು ಬರುತ್ತಿದ್ದನೆಂದು ತನ್ನ ತಾಯಿ ಹೇಳುತ್ತಿದ್ದಳು, ಹೋಗಿ ಕೇಳಿ ಎಂದಳು. ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಮಹಡಿಗೆ ಮಾತ್ರ ಹತ್ತಿ ಬಂದಿರಲಿಲ್ಲ.

ಮರುದಿನವೇ ಬಸ್ಸು ಹತ್ತಿ ಅಗಸೂರಿಗೆ ಹೋದೆ. ಎಂಬತ್ತು ದಾಟಿದ ಅಜ್ಜಿ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಹಾಲಿನ ಹೆಸರು ಕೇಳಿದ್ದೇ ಅವಳ ಕೈ ನಿಂತಿತು. ಅವಳು ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ನನ್ನ ಪುಸ್ತಕ ಸಾಲಲಿಲ್ಲ. ಕಟ್ಟಿದ ಗವಂಡಿಗಳಲ್ಲಿ ಅವಳ ಅಜ್ಜ ಹೊನ್ನಪ್ಪ ಒಬ್ಬ. ಕಲ್ಲು ಹಣಕೋಣದ ಕಡೆಯಿಂದ ಕಾಳಿ ಹೊಳೆಯಲ್ಲಿ ದೋಣಿ ಮೇಲೆ ಇಳಿದು ಬಂದದ್ದು. ಸುಣ್ಣ ಕಲ್ಲಿನದಲ್ಲ, ಹೊಳೆಯ ಚಿಪ್ಪು ಸುಟ್ಟು ಮಾಡಿದ್ದು. ಅದಕ್ಕೆ ಬೆಲ್ಲದ ನೀರು ಹಾಕಿ ವಾರಗಟ್ಟಲೆ ಕೊಳೆಸಿ ತುಳಿಯಬೇಕು. ಅಜ್ಜ ಕಟ್ಟಿದ್ದನ್ನು ಅಪ್ಪ ನೋಡಿಕೊಂಡ. ಅಪ್ಪನ ಹಿಂದೆ ಸುಣ್ಣದ ಬುಟ್ಟಿ ಹೊತ್ತು ಇವಳು ಹೋಗುತ್ತಿದ್ದಳು. ಒಂಬತ್ತು ಪುಟಗಳಲ್ಲಿ ನನಗೆ ಸಿಗದ ಕಟ್ಟಡ ಆ ಅಂಗಳದಲ್ಲಿ ಅರ್ಧ ಗಂಟೆಯಲ್ಲಿ ಎದ್ದು ನಿಂತಿತು. ಕೊನೆಗೆ ಏಳುವ ಮುಂಚೆ, ಕೇಳದಿದ್ದರೂ ನಡೆಯುತ್ತಿದ್ದ ಒಂದು ಪ್ರಶ್ನೆ ಕೇಳಿದೆ. ಮಾಡಿನ ಕೆಳಗೆ ಏಳು ಕಿಂಡಿ ಇವೆಯಲ್ಲ, ಅವು ಚೆಂದಕ್ಕೋ?

“ಚೆಂದಕ್ಕಲ್ಲ ತಮಾ. ತೊಲೆ ತುದಿ ಗೋಡೆ ಒಳಗೆ ಕೂತಿರ್ತದೆ ಅಲ್ದಾ, ಅದು ಮಳೆಗಾಲದಲ್ಲಿ ನೀರು ಕುಡಿತದೆ. ಕಡಲ ಗಾಳಿ ಹೊಕ್ಕು ಒಣಗ್ಸೂಕೆ ಅಂತ ನಮ್ಮಜ್ಜ ಬಿಟ್ಟದ್ದು. ಆ ಕಿಂಡಿ ಮುಚ್ದ್ರೆ ತೊಲೆ ಒಳಗೊಳಗೇ ಕುಂಬಾಗಿ ಪುಡಿ ಆಗ್ತದೆ. ಯಾವ ಮಳ್ಳನೂ ಮುಚ್ಚೂದಿಲ್ಲ ಬಿಡು.”

ನಾನು ಅವಳು ಕೊಟ್ಟ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದೆ. ತಿರುಗಿ ಬರುವಾಗ ಬಸ್ಸಿನ ಕಿಟಕಿಯಿಂದ ಗಾಳಿ ನುಗ್ಗಿ ಕೂದಲನ್ನೆಲ್ಲ ಎಬ್ಬಿಸಿತು. ಕೈಯೆತ್ತಿ ಸರಿ ಮಾಡಿಕೊಳ್ಳುವ ಧೈರ್ಯ ಬರಲಿಲ್ಲ.

ಮುಂದಿನದನ್ನು ಹೇಳಲು ಸ್ವಲ್ಪ ನಾಚಿಕೆ. ಬಾಯಿಬಿಡದೆ ತಪ್ಪು ತಿದ್ದಿಬಿಡೋಣ ಎಂದು ಭಾನುವಾರ ಉಳಿ, ಸುತ್ತಿಗೆ, ಏಣಿ ತೆಗೆದುಕೊಂಡು ಕಚೇರಿಗೆ ಹೋದೆ. ಏಣಿ ಹಿಡಿಯಲು ಮಾಲಿನಿಯನ್ನೂ ಕರೆದುಕೊಂಡು ಹೋಗಿದ್ದೆ. ಎರಡು ತಾಸು ಬಡಿದೆ. ಕಂಪೌಂಡಿಗೆ ಆ ಗವಂಡಿ ಮಾಡಿದ ರಿಪೇರಿ ಒಂದೇ ವರ್ಷಕ್ಕೆ ಉದುರಿತ್ತು. ಆದರೆ ನನ್ನ ಬನ್ಸ್ ತಿಂದು ಮಾಡಿದ ಕೆಲಸ ಮಾತ್ರ ಅವನ ಜೀವಮಾನದ ಅತ್ಯುತ್ತಮ ಕೆಲಸವಾಗಿತ್ತು. ಒಂದು ಹಿಡಿ ಪುಡಿ ಉದುರಿತು, ಅದೂ ಮಾಲಿನಿಯ ತಲೆಯ ಮೇಲೆ. ಅವಳು ತವರಿನ ಕೊಂಕಣಿಗೆ ಇಳಿದಳೆಂದರೆ ಮಾತು ಮುಗಿಯಿತೆಂದೇ ಅರ್ಥ. ಗೋಡೆಯ ಹತ್ತಿರ ಗುದ್ದಾಡುವ ಬದಲು ಮನುಷ್ಯರ ಹತ್ತಿರ ಬಾಯಿ ಬಿಡಿ ಎಂಬುದು ಅವಳ ಮಾತಿನ ಸಾರಾಂಶ. ಉಳಿದದ್ದನ್ನು ನಾನು ಅನುವಾದಿಸುವುದಿಲ್ಲ.

ಸಮಿತಿಯವರು ಬಂದ ದಿನ ಮೂವರು ಸದಸ್ಯರು, ಎಂಜಿನಿಯರರು, ಮೇಡಂ ಎಲ್ಲರೂ ನನ್ನ ಕುರ್ಚಿಯ ಹಿಂದೆ ನಿಂತು ಬಿರುಕು ನೋಡುತ್ತಿದ್ದರು. ವಯಸ್ಸಾಯಿತು ಎಂದು ಎಂಜಿನಿಯರರು ಮತ್ತೆ ಹೇಳಿದರು. ಸದಸ್ಯರಲ್ಲಿ ಹಿರಿಯರು ತಮ್ಮ ಕಾಗದದಲ್ಲಿ ಏನೋ ಗೀಚಿಕೊಳ್ಳಲು ಪೆನ್ನು ತೆಗೆದರು. ಆ ಪೆನ್ನು ಕಾಗದ ಮುಟ್ಟಿತೋ ಹಾಲು ಹೋಯಿತು, ಮೀನಿನವರ ನೆರಳು ಹೋಯಿತು, ಅಗಸೂರಿನ ಅಂಗಳದಲ್ಲಿ ನಾನು ಕೇಳಿದ್ದೆಲ್ಲ ಹೋಯಿತು ಎಂದು ನನಗನ್ನಿಸಿತು.

“ವಯಸ್ಸಲ್ಲ ಸರ್,” ಎಂದೆ. “ನಾನು.”

ಒಮ್ಮೆ ಬಾಯಿ ತೆರೆದ ಮೇಲೆ ನಿಲ್ಲಿಸಲು ಆಗಲಿಲ್ಲ. ಸಿಮೆಂಟು, ಬನ್ಸ್, ಕಾಗದ, ಬೀರಮ್ಮಜ್ಜಿ, ತೊಲೆಯ ತುದಿ ಎಲ್ಲವನ್ನೂ ಹೇಳಿದೆ. ಗಾಬರಿಯಲ್ಲಿ ಕೂದಲಿನ ವಿಷಯವನ್ನೂ ಹೇಳಿಬಿಟ್ಟೆ. ಅದನ್ನು ಯಾರೂ ಕೇಳಿರಲಿಲ್ಲ. ಐದೂ ಜನ ನನ್ನ ತಲೆಯನ್ನೇ ನೋಡಿದರು. ಆಮೇಲೆ ಎಂಜಿನಿಯರರೇ, ಅವರ ಒಳ್ಳೆಯತನವೆನ್ನಬೇಕು, ಏಣಿ ತರಿಸಿ ಎಂದರು. ಕಬ್ಬಿಣದ ಹಾರೆ ಬಂತು, ಕೆಲಸದವರು ಬಂದರು. ಮಧ್ಯಾಹ್ನದೊಳಗೆ ಏಳೂ ಕಿಂಡಿ ತೆರೆದುಕೊಂಡವು. ಎರಡು ತೊಲೆಗಳ ತುದಿ ಬೆರಳಿಂದ ಚುಚ್ಚಿದರೆ ಪುಡಿಯಾಗುವಂತಿತ್ತು. ಉಳಿದ ಐದು ಇನ್ನೂ ಗಟ್ಟಿಯಾಗಿದ್ದವು. ಬಿರುಕು ಬಿಟ್ಟದ್ದು ಆ ಎರಡರ ಭಾರ ಬಿದ್ದ ಕಡೆ ಮಾತ್ರ. ಎಂಜಿನಿಯರರು ಮೂರು ದಿನ ಉಳಿದ ಗೋಡೆಗಳನ್ನೆಲ್ಲ ತಟ್ಟಿ ನೋಡಿ, ಕೆಡವುವ ಅಗತ್ಯವಿಲ್ಲ, ರಿಪೇರಿ ಸಾಕು ಎಂದು ತಾವೇ ವರದಿ ತಿದ್ದಿದರು. ನನಗೆ ಒಂದು ನೋಟೀಸು ಬಂತು. ಉತ್ತರ ಕೊಟ್ಟೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಮೇಡಂ ಮಾತ್ರ ಒಂದು ಶಿಕ್ಷೆ ಸೇರಿಸಿದರು: ರಿಪೇರಿ ಮುಗಿಯುವವರೆಗೆ ಮೇಲ್ವಿಚಾರಣೆ ನನ್ನದೇ.

ಸಿಮೆಂಟು ಮಾತ್ರ ಬಲ್ಲ ಈಗಿನ ಗವಂಡಿಗಳಿಗೆ ಚಿಪ್ಪಿನ ಸುಣ್ಣ ಕಲಸುವುದನ್ನು ಹೇಳಿಕೊಡುವವರು ಯಾರು? ಬೀರಮ್ಮಜ್ಜಿಯನ್ನು ಜೀಪಿನಲ್ಲಿ ಕರೆಸಿದೆವು. ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಅಲ್ಲಿಂದಲೇ ಅವಳ ಆಡಳಿತ ಶುರುವಾಯಿತು. ಬೆಲ್ಲದ ನೀರು ಕಡಿಮೆಯಾದರೆ ಮುಖ ಸಿಂಡರಿಸುತ್ತಿದ್ದಳು, ಸುಣ್ಣವನ್ನು ಉಗುರಿನ ಮೇಲೆ ಹಚ್ಚಿ ನೋಡಿ ಇನ್ನೂ ಎರಡು ದಿನ ತುಳಿಯಿರಿ ಎನ್ನುತ್ತಿದ್ದಳು. ಮೊದಲು ಗೊಣಗಿದ ಗವಂಡಿಗಳು ನಾಲ್ಕನೆಯ ದಿನಕ್ಕೆ ಅವಳನ್ನು ಕೇಳದೆ ಕರಣೆ ಎತ್ತುತ್ತಿರಲಿಲ್ಲ. ಮೀನಿನ ಹೆಂಗಸರು ದಿನವೂ ಅವಳಿಗೆ ಒಳ್ಳೆಯ ಮೀನು ತೆಗೆದಿಡುತ್ತಿದ್ದರು. ನನಗೆ ಇಡುತ್ತಿರಲಿಲ್ಲ, ಸುದ್ದಿ ಅಷ್ಟರಲ್ಲಿ ಪೇಟೆಗೆ ಇಳಿದಿತ್ತು.

ಕೆಲಸ ಮುಗಿದ ದಿನ ಮೇಡಂ ಅಜ್ಜಿಯನ್ನು ಮೇಲಕ್ಕೆ ಬನ್ನಿ ಎಂದು ಕರೆದರು. ಅಜ್ಜಿ ಏಣಿಮೆಟ್ಟಿಲ ಬುಡದಲ್ಲಿ ನಿಂತಳು. ಸುಣ್ಣದ ಬುಟ್ಟಿ ಹೊತ್ತು ಎಷ್ಟೋ ಸಲ ಮಾಡಿನವರೆಗೆ ಹತ್ತಿದವಳು ಅವಳು. ಆದರೆ ಹತ್ತಿದ್ದೆಲ್ಲ ಹೊರಗಿನ ಬಿದಿರಿನ ಅಟ್ಟಣೆಯ ಮೇಲೆ. ಒಳಗಿನ ಮೆಟ್ಟಿಲು ಸಭೆಯವರಿಗೆ ಎಂದು ಅಪ್ಪ ಹೇಳಿದ್ದನಂತೆ. ಮೇಡಂ ಅವಳ ಕೈ ಹಿಡಿದರು. ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದ ಅಜ್ಜಿ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತಳು. ಒಣಗ್ತಾ ಬಂತು ಎಂದಳು, ಅಷ್ಟೆ.

ನಾನು ಅಷ್ಟರಲ್ಲಿ ಚರಿತ್ರೆಯನ್ನು ಹೊಸದಾಗಿ ಬರೆದಿದ್ದೆ. ಈ ಸಲ ಎರಡೇ ಪುಟ, ಕುದುರೆ ಇಲ್ಲ. ಪುಸ್ತಿಕೆಯಾಗಿ ಅಚ್ಚಾಗುವ ಮೊದಲು ಅಜ್ಜಿಗೆ ಒಮ್ಮೆ ಓದಿ ಹೇಳಿ ಎಂದರು ಮೇಡಂ. ಓದಿದೆ. ಅಜ್ಜ ಹೊನ್ನಪ್ಪನ ಹೆಸರು ಬಂದಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಹುರುಪಿನಿಂದ ಮುಂದುವರಿಸಿದೆ: “ಸದರಿ ಕಿಂಡಿಗಳು ಕಾರಣಾಂತರಗಳಿಂದ ಮುಚ್ಚಲ್ಪಟ್ಟಿದ್ದವು.”

ಅಜ್ಜಿ ಕೈಯೆತ್ತಿ ನಿಲ್ಲಿಸಿದಳು. “ಮುಚ್ಚಲ್ಪಟ್ಟಿದ್ದವು ಅಂದ್ರೆ ಎಂತ ತಮಾ? ತಮ್ಮಷ್ಟಕ್ಕೆ ತಾವೇ ಮುಚ್ಕಂಡ್ವಾ?”

ಮೇಡಂ ಕಿಟಕಿಯ ಹೊರಗೆ ಕಡಲು ನೋಡತೊಡಗಿದರು. ನಾನು ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದೆ. ‘ಈ ಚರಿತ್ರೆ ಬರೆದ ಗುಮಾಸ್ತನೇ ಇವನ್ನು ಮುಚ್ಚಿಸಿದನು’ ಎಂದು ಬರೆದು, ಕೆಳಗೆ ಹೆಸರು ಹಾಕಿದೆ. ಈಗ ಪುಸ್ತಿಕೆ ಅಚ್ಚಾಗಿ ಬಂದಿದೆ. ಮಾಲಿನಿ ಅದನ್ನು ತನ್ನ ತವರಿನ ಪ್ರತಿ ಮನೆಗೂ ಹಂಚಿದ್ದಾಳೆ. ಊರಿನ ಚರಿತ್ರೆಯಲ್ಲಿ ನನ್ನ ಹೆಸರೂ ಸೇರಬೇಕೆಂಬ ಆಸೆ ನನಗಿರಲಿಲ್ಲವೆಂದರೆ ಸುಳ್ಳಾದೀತು. ಸೇರಿತು, ಆದರೆ ಕರ್ತರಿ ಪ್ರಯೋಗದಲ್ಲಿ.