ಅತ್ತೆ ಮಂಡಿಗೊಂದು ಸಿಂಕು

ಹೊಸಾ ಮನೆಯವರು ಸಿಂಕು ತಂದ್ರು, ಕೂರ್ಸಿದ್ರು, ಮುಗೀತು. ನಮ್ಮದು ಹಂಗಲ್ಲ. ಮಾವನವರ ತಾತ ಕಟ್ಟಿಸಿದ ಮಣ್ಣು ಗೋಡೆ ಮನೇಲಿ ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯಕ್ಕೆ ಹೋದ್ರೂ ಏನಾದ್ರೊಂದು ಆಗೇ ಆಗ್ತದೆ. ನಾನೋ ಮೊದಲೇ ಹೆದರುಪುಕ್ಕಲಿ. ಕುಕ್ಕರ್ ಎರಡನೇ ಸಲ ಕೂಗೋದು ತಡ ಆದ್ರೂ ಎದೆ ಡವಡವ ಅನ್ನೋಳು. ಅಂಥೋಳು ಹಟ ಹಿಡಿದು ಸಿಂಕು ಹಾಕಿಸಿದೆ ಅಂದ್ರೆ ಅದಕ್ಕೆ ಕಾರಣ ನಮ್ಮತ್ತೆ ಮಂಡಿ.

೧. ಡಾಕ್ಟ್ರು ಹೇಳಿದ್ದು

ಕ್ಯಾತನಹಳ್ಳೀಲಿ ನಮ್ಮ ಅಡಿಗೆಮನೆ ಮೂಲೇಲಿ ಒಂದು ಬಚ್ಚಲು. ಮದುವೆಯಾಗಿ ಬಂದಾಗಿಂದ ಅತ್ತೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತೊಳೀತಿದ್ರು. ಈಚೀಚೆಗೆ ಕೂತ್ರೆ ಏಳಕ್ಕಾಗ್ತಿರಲಿಲ್ಲ. ಒಂದು ಕೈಲಿ ಗೋಡೆ, ಒಂದು ಕೈಲಿ ನನ್ನ ಭುಜ ಹಿಡ್ಕಂಡು "ಅಯ್ಯಪ್ಪಾ" ಅಂತ ಎದ್ದೇಳೋರು. ಪಾಂಡವಪುರದ ಡಾಕ್ಟ್ರು ಎಕ್ಸರೇ ನೋಡಿ, "ಇನ್ಮೇಲೂ ಕೂತೇ ಪಾತ್ರೆ ತೊಳೆದ್ರೆ ಆಪರೇಷನ್ನೇ ಗತಿ" ಅಂದ್ಬಿಟ್ರು. ಅವತ್ತಿಂದ ನನಗೆ ಊಟ ಸೇರಲಿಲ್ಲ.

"ಅತ್ತೆ, ನಿಂತ್ಕಂಡು ತೊಳೆಯೋ ಹಂಗೆ ಸಿಂಕು ಹಾಕ್ಸಾಣ" ಅಂದೆ.

"ಸಿಂಕು ಆಕ್ಸಿದ್ರೆ ಕಲಗಚ್ಚು ಎಲ್ಲಿಗೋದದು?" ಅಂದ್ರು.

ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ಮುದ್ದೆ ತಪ್ಪಲೆ ನೆನೆಹಾಕಿದ ನೀರು ಎಲ್ಲಾ ಸೇರಿದ್ರೆ ಕಲಗಚ್ಚು. ಅದನ್ನ ಕುಡಿಸದೆ ನಮ್ಮ ಎಮ್ಮೆ ಹತ್ರ ಹಾಲು ಕರೆಯಕ್ಕೆ ಕೂತ್ರೆ ಅದು ಮುಖ ತಿರುಗಿಸ್ಕಂಡು ನಿಲ್ತದೆ.

"ಎಮ್ಮೆ ಕತೆ ಬಿಡಿ ಅತ್ತೆ, ನಿಮ್ಮ ಮಂಡಿ ನೋಡ್ಕಳಿ" ಅಂದೆ.

"ನನ್ನ ಮಂಡಿ ಡೈರಿಗೆ ಆಲು ಆಕ್ತದಾ?" ಅಂದ್ರು.

೨. ಅಳತೆ ತಪ್ಪಲೆ

ನಮ್ಮ ಯಜಮಾನ್ರು "ಅವ್ವ, ಸುಮ್ನೆ ನೋಡ್ಕಂಡಾದ್ರೂ ಬಾ" ಅಂತ ಗೋಗರೆದ ಮೇಲೆ ಅತ್ತೆ ಹೊರಟ್ರು. ಬಸ್ಸು ಹತ್ತಿದ ಮೇಲೆ ನೋಡ್ತೀನಿ, ಕಂಕುಳಲ್ಲಿ ಒಂದು ದೊಡ್ಡ ಚೀಲ. ಅದರೊಳಗೆ ನಮ್ಮ ಮುದ್ದೆ ತಪ್ಪಲೆ.

"ಇದ್ಯಾಕತ್ತೆ?"

"ರವಿಕೆ ಒಲ್ಸಕ್ಕೋದ್ರೆ ಅಳತೆ ರವಿಕೆ ತಕ್ಕಂಡೋಗಕಿಲ್ವಾ? ಇದೂ ಅಂಗೇಯ. ಸುಮ್ಕಿರಮ್ಮಿ."

ಪಾಂಡವಪುರದ ಅಂಗಡೀಲಿ ಥಳಥಳ ಅನ್ನೋ ಸಿಂಕುಗಳು ಸಾಲಾಗಿ ಕೂತಿದ್ವು. ಅತ್ತೆ ಆ ಮಸಿ ಹಿಡಿದ ತಪ್ಪಲೇನ ಒಂದೊಂದಕ್ಕೂ ಇಳಿಸಿ, ಬರೀ ಕೈಲೇ ಗಸಗಸ ಉಜ್ಜಿ ನೋಡಿದ್ರು. ಎರಡು ಗುಂಡಿ ಇರೋದ್ರಲ್ಲಿ ಯಾವ ಗುಂಡಿಗೂ ತಪ್ಪಲೆ ಇಳೀಲಿಲ್ಲ. ಬಿಳೀ ಪಿಂಗಾಣಿದಕ್ಕೆ ಇಳಿಸಿದಾಗ ಟಣ್ ಅಂತು. ಬಿರುಕು ಬಿಟ್ಟಿದ್ರೆ ಏನಪ್ಪಾ ಗತಿ ಅಂತ ನಾನು ಅದರ ಮೇಲೆಲ್ಲ ಕೈಯಾಡಿಸಿ ನೋಡಿದೆ. ಕೈ ಬೆವರಿತ್ತು, ಏನೂ ಗೊತ್ತಾಗ್ಲಿಲ್ಲ. ಕಲ್ಲಿಂದು ಗಟ್ಟಿಯಾಗೇನೋ ಇತ್ತು, ಅದನ್ನ ಎತ್ತಕ್ಕೇ ಇಬ್ಬರು ಆಳು ಬೇಕು. ಕೊನೆಗೆ ಒಂದೇ ಗುಂಡಿಯ ಆಳವಾದ ಸ್ಟೀಲ್ ಸಿಂಕಲ್ಲಿ ತಪ್ಪಲೆ ಆರಾಮಾಗಿ ಕೂತ್ಕಂತು. ಅತ್ತೆ ಮೊದಲನೇ ಸಲ ನಕ್ಕರು.

ಪಕ್ಕದಲ್ಲಿ ನೋಡ್ತಾ ನಿಂತಿದ್ದ ಹೆಂಗಸೊಬ್ಬಳು ಅಂಗಡಿಯವರಿಗೆ, "ನನಗೂ ಅದೇ ಕೊಡಿ, ತಪ್ಪಲೆ ಸಮೇತ" ಅಂದಳು.

೩. ಎತ್ತರದ ಗುರುತು

ಶ್ರೀರಂಗಪಟ್ಟಣದಿಂದ ಪ್ಲಂಬರ್ ಬಂದ. ಸಿಂಕು ಕೂರಿಸೋ ಕಬ್ಬಿಣದ ಕೈ ಸಿಕ್ಕಿಸಕ್ಕೆ ಅಂತ ಗೋಡೆಗೆ ಎರಡೇಟು ಹಾಕಿದ್ದೇ ತಡ, ಒಂದು ಮಂಕರಿ ಮಣ್ಣು ದುಬದುಬ ಅಂತ ಉದುರ್ತು. ಮೇಲಿನ ಹೆಂಚೇ ತಲೆ ಮೇಲೆ ಬರ್ತದೆ ಅಂತ ನಾನು ದೇವರಮನೆಗೆ ಓಡಿದೆ.

"ಅಕ್ಕಾ, ಬನ್ನಿ, ಏನೂ ಆಗಿಲ್ಲ" ಅಂತ ಕರೆದ. "ಈ ಗೋಡೆ ಭಾರ ತಡೆಯಲ್ಲ. ಕೆಳಗಿಂದ ಇಟ್ಟಿಗೆ ಕಟ್ಟಿ, ಮೇಲೆ ಕಲ್ಲು ಹಾಸಿ, ಅದರಲ್ಲಿ ಸಿಂಕು ಕೂರ್ಸಾಣ. ಎತ್ತರ ಎಷ್ಟಿರ್ಬೇಕು?"

ಅತ್ತೆ ನನ್ನ ಭುಜದಷ್ಟಿದ್ದಾರೆ. ತೊಳೆಯೋರು ಅವರು, ಅವರ ಅಳತೇನೇ ತಗೋ ಅಂದೆ.

"ಅಮ್ಮಾ, ನೀವು ಪಾತ್ರೆ ಎಂಗೆ ತೊಳೀತೀರೋ ಅಂಗೆ ಒಂದ್ಸಲ ಮಾಡಿ ತೋರ್ಸಿ. ಗುರ್ತು ಹಾಕ್ಕತೀನಿ" ಅಂದ.

ಅತ್ತೆ ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡ್ರು. ಗೋಡೆ ಮುಂದೆ ಕುಕ್ಕರುಗಾಲಲ್ಲಿ ಕೂತೇಬಿಟ್ರು. "ಊಂ, ಆಕ್ಕಳಪ್ಪ" ಅಂದ್ರು.

ಅವರನ್ನ ಎತ್ತಿ ನಿಲ್ಲಿಸಕ್ಕೆ ನಾನು, ಪ್ಲಂಬರು, ಯಜಮಾನ್ರು ಮೂವರೂ ಬೇಕಾಯ್ತು. ಪ್ಲಂಬರ್ ಕಿವಿ ಮೇಲಿದ್ದ ಪೆನ್ಸಿಲ್ ಸರಿ ಮಾಡ್ಕಂಡು, "ಈ ಎತ್ತರಕ್ಕೆ ಕಟ್ಟಿದ್ರೆ ನಿಮ್ಮನೆ ಕೋಳಿನೇ ಪಾತ್ರೆ ತೊಳೀಬೇಕು ಕಣಮ್ಮ" ಅಂದ.

೪. ನೊರೆ

ಸಿಂಕು ಕೂರಿಸೋ ದಿನ ನಾನು ಮೇಲುಕೋಟೇಲಿ ನೆಂಟರ ಮನೆ ನಾಮಕರಣಕ್ಕೆ ಹೋಗಿದ್ದೆ. ಸಂಜೆ ಬಂದ್ರೆ ಸಿಂಕು ರೆಡಿ. ಅತ್ತೆ ಡೈರಿಗೆ ಹೋಗಿದ್ರು. ಇನ್ನು ಅವರ ಮಂಡಿಗೆ ಆಪರೇಷನ್ ಇಲ್ಲ ಅನ್ನೋ ಖುಷೀಲಿ ನಿಂಬೆಹಣ್ಣಿನ ವಾಸನೆ ಸೋಪಿನ ನೀರು ಧಾರಾಳವಾಗಿ ಸುರಿದು, ಮನೇಲಿದ್ದ ಪಾತ್ರೆ ಎಲ್ಲಾ ಉಜ್ಜಿದೆ. ಮೊಣಕೈ ತನಕ ನೊರೆ.

ಅಷ್ಟರಲ್ಲಿ ಡೈರಿಯಿಂದ ಬಂದಿದ್ದ ಅತ್ತೆ ಕೊಟ್ಟಿಗೆಯಿಂದ ಕೂಗಿದ್ರು. ಅಡಿಗೆಮನೆ ಗೋಡೆ ಆಚೆಗೇ ನಮ್ಮ ಕೊಟ್ಟಿಗೆ. ಓಡಿಹೋದೆ. ಎಮ್ಮೆ ಕಲಗಚ್ಚು ಕುಡಿಯೋ ಬಾನಿ ತುಂಬಾ ನೊರೆ ಉಕ್ಕಿ ನೆಲಕ್ಕೆ ಸುರೀತಾ ಇತ್ತು. ಎಮ್ಮೆ ಮೂತಿಗೆ ಬಿಳೀ ಗಡ್ಡ ಬಂದಿತ್ತು.

ಆಗಿದ್ದಿಷ್ಟೆ. ಕಲಗಚ್ಚು ಹೊರೋದು ತಪ್ಪಲಿ ಅಂತ ಅತ್ತೆ ಪ್ಲಂಬರಿಗೆ ಹೇಳಿ, ಸಿಂಕಿನ ಪೈಪನ್ನ ಗೋಡೆ ತೂರಿಸಿ ನೇರ ಬಾನಿಗೇ ಬಿಡಿಸಿದ್ರು. ನನಗೊಂದು ಮಾತು ಹೇಳೋದು ಮರೆತಿದ್ರು. ಎಮ್ಮೆಗೇನಾದ್ರೂ ಆದ್ರೆ ಅತ್ತೆ ಸಿಂಕಿನ ಕಡೆ ತಲೆ ಹಾಕಿನೂ ಮಲಗಲ್ಲ, ಆಮೇಲೆ ಮಂಡಿಗೆ ದೇವರೇ ಗತಿ.

ದನದ ಡಾಕ್ಟ್ರು ಬಂದು ಬಾಯಿ ಬಿಡಿಸಿ ನೋಡಿದ್ರು, ಮೂಸಿ ನೋಡಿದ್ರು. "ಕುಡಿದಿಲ್ಲ, ಬರೀ ಮೂತಿ ಅದ್ದಿದೆ. ಏನೂ ಆಗಕಿಲ್ಲ. ಇಷ್ಟು ಘಮ್ಮನ್ನೋ ಎಮ್ಮೇನ ನಾನು ನೋಡೇ ಇರಲಿಲ್ಲ" ಅಂದ್ರು.

೫. ಡಾಕ್ಟ್ರು ಮತ್ತೆ ಹೇಳಿದ್ದು

ಯಜಮಾನ್ರು ಪೈಪನ್ನ ತೆಂಗಿನ ಮರದ ಬುಡಕ್ಕೆ ತಿರುಗಿಸ್ತೀನಿ ಅಂದ್ರು. ಅತ್ತೆ ಒಪ್ಪಲಿಲ್ಲ. "ಎಮ್ಮೆ ಬಾಯಿಂದ ಕಿತ್ತು ಮರಕ್ಕೆ ಕೊಡದಾ? ಪೈಪು ಅಲ್ಲೇ ಇರ್ಲಿ. ಸಿಂಕ್ಗೆ ಸೋಪು ಬ್ಯಾಡ. ಸೋಪು ಆಕೋ ಪಾತ್ರೇನೆಲ್ಲ ಬಚ್ಚಲಲ್ಲಿ ತೊಳುದ್ರಾಯ್ತು" ಅಂದ್ರು. ಯಾರು ತೊಳೀಬೇಕು ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ಬಚ್ಚಲಲ್ಲಿ ಕೂರದಿದ್ರೆ ಸಾಕಾಗಿತ್ತು.

ಅವತ್ತಿಂದ ಅತ್ತೆ ಸಿಂಕಿನ ಮುಂದೆ ನಿಂತು ಅಕ್ಕಿ ತೊಳೀತಾರೆ, ತಪ್ಪಲೆ ಗಲಬರಿಸ್ತಾರೆ. ಎಮ್ಮೆ ಗೋಡೆ ಆಚೆ ಸೊರಸೊರ ಕುಡೀತದೆ. ಮಿಕ್ಕಿದ್ದೆಲ್ಲ ನನ್ನ ಪಾಲು.

ಮೊನ್ನೆ ಮತ್ತೆ ಪಾಂಡವಪುರದ ಅದೇ ಡಾಕ್ಟ್ರ ಹತ್ರ ಹೋದ್ವಿ. ಏನು ಹೇಳ್ತಾರೋ ಅಂತ ನಾನು ಸ್ಟೂಲಿನ ತುದೀಲಿ ಕೂತಿದ್ದೆ. ಅವರು ಅತ್ತೆ ಮಂಡಿ ಒತ್ತಿ, ಮಡಿಸಿ, ನಡೆಸಿ ನೋಡಿ, "ಬಹಳ ಸುಧಾರಿಸಿದೆ. ಆಪರೇಷನ್ ಬೇಡ" ಅಂದ್ರು. ನನಗೆ ಹೋದ ಜೀವ ಬಂದಂಗಾಯ್ತು. ಕೈ ಮುಗಿಯಣ ಅಂತ ಎದ್ದೆ. ಪೂರ್ತಿ ಏಳಕ್ಕಾಗಲಿಲ್ಲ. ಒಂದು ಕೈಲಿ ಮೇಜು, ಒಂದು ಕೈಲಿ ಅತ್ತೆ ಭುಜ ಹಿಡ್ಕಂಡು "ಅಯ್ಯಪ್ಪಾ" ಅಂದೆ.

ಡಾಕ್ಟ್ರು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದ್ರು. "ನಿಮಗೆ ಎಷ್ಟು ದಿನದಿಂದ ಹೀಗೆ?"

ನಾನು ಬಾಯಿ ತೆಗೆಯೋಕೆ ಮುಂಚೆ ಅತ್ತೆ ನನ್ನ ಬೆನ್ನು ಸವರಿ ಹೇಳಿದ್ರು: "ಅದ್ನೇ ಅನ್ಕತಿದ್ದೆ ಡಾಕ್ಟ್ರೇ. ಪಾಪ, ಇವ್ಳಿಗೂ ಒಂದು ಸಿಂಕು ಆಕ್ಸುಬುಡ್ಬೇಕು."