ಅತ್ತೆಯ ಮುದ್ದೆ, ನನ್ನ ತೂಕ

ಉಣ್ಣುವುದೂ ಒಂದು ಕೆಲಸವೆಂದು ಐವತ್ತೊಂದು ವರ್ಷ ನನಗೆ ಗೊತ್ತೇ ಇರಲಿಲ್ಲ. ಹಸಿವಾಗುತ್ತದೆ, ಉಣ್ಣುತ್ತೇವೆ, ಆಮೇಲೆ ಜಾಸ್ತಿ ಉಂಡೆವೆಂದು ಕೊರಗುತ್ತೇವೆ. ಇಷ್ಟೇ ತಾನೆ ಎಂದುಕೊಂಡಿದ್ದೆ. ಪ್ರತಿ ಯುಗಾದಿಗೂ ತೂಕ ಇಳಿಸುವ ಶಪಥ ಮಾಡಿ, ಅಂದು ಮಧ್ಯಾಹ್ನವೇ ಹೋಳಿಗೆಯ ಮುಂದೆ ಶರಣಾಗುತ್ತಿದ್ದ ಹೆಂಗಸು ನಾನು. ಅಂಥವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು, ಅದು ಕ್ಯಾನ್ಸರ್ ಎಂದಾಯಿತು, ಆಪರೇಷನ್ ಮುಗಿದು ಕೀಮೋ ಶುರುವಾಯಿತು. ಆಗ ತೂಕ ತಾನಾಗಿಯೇ ಇಳಿಯತೊಡಗಿತು. ಇಷ್ಟು ವರ್ಷ ಬೇಡಿದ ವರ ಕೊನೆಗೂ ಸಿಕ್ಕಿತ್ತು, ಆದರೆ ಅದನ್ನು ನೋಡಿ ಮನೆಯಲ್ಲಿ ಯಾರೂ ನಗಲಿಲ್ಲ.

ಎರಡನೇ ಕೀಮೋ ಆದ ಮೇಲೆ ಬಾಯಿ ತುಂಬ ಹುಣ್ಣು. ನೀರು ಕುಡಿದರೂ ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಸಿಡಿದರೆ ಇಲ್ಲಿ ನಾನು ಬಚ್ಚಲಿಗೆ ಓಡುತ್ತಿದ್ದೆ. ನಮ್ಮ ಮನೆಯವರು ಗಂಟೆಗೊಮ್ಮೆ ಒಂದೊಂದು ತಟ್ಟೆ ಹಿಡಿದು ಬಂದು, ದೇವರ ಮುಂದೆ ನೈವೇದ್ಯ ಇಟ್ಟವರಂತೆ ಕೈಕಟ್ಟಿ ನಿಲ್ಲುತ್ತಿದ್ದರು. ದೇವರಂತೆಯೇ ನಾನೂ ಏನನ್ನೂ ಮುಟ್ಟುತ್ತಿರಲಿಲ್ಲ. ಕೊನೆಗೆ ಡಾಕ್ಟರು, "ಇನ್ನೂ ತೂಕ ಇಳಿದರೆ ಮುಂದಿನ ಕೀಮೋ ತಡ ಮಾಡಬೇಕಾಗುತ್ತೆ," ಎಂದು ಎಚ್ಚರಿಸಿದರು.

ಈಗ ಒಂದು ತಪ್ಪೊಪ್ಪಿಗೆ. ನಾನು ಚಿತ್ರದುರ್ಗದ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು. ಲೆಕ್ಕ ಕೂಡದಿದ್ದರೆ ಕೂಡುವಂತೆ ಮಾಡುವುದು ನನಗೆ ಗೊತ್ತಿತ್ತು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ, ದುರ್ಗದ ಬಿರುಬಿಸಿಲಿನಲ್ಲಿ, ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಶಾಲು ಹೊದ್ದು, ಸೊಂಟದಲ್ಲಿ ಏಲಕ್ಕಿ ಕುಟ್ಟುವ ಹಿತ್ತಾಳೆಯ ಕುಟ್ಟಾಣಿಯನ್ನು ಸಿಕ್ಕಿಸಿಕೊಂಡು ಹೋದೆ. ತೂಕದ ಯಂತ್ರ ಹತ್ತಿದ್ದೇ ತಡ, ಕುಟ್ಟಾಣಿ ಜಾರಿ ಠಣ್ ಎಂದು ಬಿತ್ತು. ನರ್ಸು ನನ್ನ ಹಳೆಯ ವಿದ್ಯಾರ್ಥಿನಿ. ಅದನ್ನು ಎತ್ತಿ ನನ್ನ ಕೈಗೇ ಕೊಟ್ಟು, "ಕಾಪಿ ಹೊಡೆದ್ರೆ ನಮ್ಮನ್ನ ಬೆಂಚಿನ ಮ್ಯಾಲೆ ನಿಲ್ಲಿಸ್ತಿದ್ರಲ್ಲ ಟೀಚರ್," ಎಂದಳು. ನಾನು ಆಗಲೇ ಯಂತ್ರದ ಮೇಲೆ ನಿಂತಿದ್ದೆ.

ಡಾಕ್ಟರು ನಗಲಿಲ್ಲ. ಕೀಮೋ ಹತ್ತು ದಿನ ಮುಂದಕ್ಕೆ ಹೋಯಿತು. ಆ ಹತ್ತು ದಿನದಲ್ಲಿ ಒಳಗೆ ಅದು ಮತ್ತೆ ಚಿಗುರಿಬಿಟ್ಟರೆ ಎಂದು ಹೊರಗಿನ ಬೆಂಚಿನಲ್ಲಿ ಕುಳಿತು ಅತ್ತುಬಿಟ್ಟೆ. ಆಹಾರದ ಸಲಹೆ ಕೊಡುವ ಹುಡುಗಿ ಪಕ್ಕದಲ್ಲಿ ಕುಳಿತು, "ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ, ಮೆತ್ತಗೆ, ಖಾರವಿಲ್ಲದೆ, ಆಗಷ್ಟೇ ಮಾಡಿದ್ದು. ಬೇಳೆ, ಚೆನ್ನಾಗಿ ಬೇಯಿಸಿದ ಮೊಟ್ಟೆ ಬಿಡಬೇಡಿ. ಬಿಸಿಯ ವಾಸನೆ ಆಗದಿದ್ದರೆ ತಣ್ಣಗೆ ಮಾಡಿಕೊಂಡು ತಿನ್ನಿ," ಎಂದು ಸಮಾಧಾನವಾಗಿ ಹೇಳಿದಳು. ಎಲ್ಲಕ್ಕೂ ತಲೆಯಾಡಿಸಿದೆ. ನಮ್ಮ ಮನೆಯವರಿಗೆ ನನ್ನ ತಲೆಯಾಟದಲ್ಲಿ ನಂಬಿಕೆಯಿಲ್ಲ. ಅಂದು ಸಂಜೆಯೇ ತಮ್ಮ ತಾಯಿಗೆ ಫೋನು ಮಾಡಿದರು.

ನಮ್ಮ ಅತ್ತೆ ಹಿರಿಯೂರು ಕಡೆಯ ಹಳ್ಳಿಯವರು, ಕುರಿ ಸಾಕುವ ಮನೆ. ಎಪ್ಪತ್ತೆಂಟು ವಯಸ್ಸು, ಬಾಯಲ್ಲಿ ಒಂದೂ ಹಲ್ಲಿಲ್ಲ. ಮರುದಿನವೇ ಬಸ್ಸಿಳಿದು ಬಂದರು. ಚೀಲದಲ್ಲಿ ರಾಗಿಹಿಟ್ಟು, ಒಡೆಯಬಾರದೆಂದು ಹಿಟ್ಟಿನೊಳಗೇ ಹುದುಗಿಸಿಟ್ಟ ಮೊಟ್ಟೆಗಳು. ಮುದ್ದೆ ಉಂಡರೆ ನಿದ್ದೆ ಬರುತ್ತದೆಂದು ಅವರ ಮಗನಿಗೆ ಇಪ್ಪತ್ತನಾಲ್ಕು ವರ್ಷ ಚಪಾತಿ ತಿನ್ನಿಸಿದವಳು ನಾನು. ಆ ಸೇಡು ಇನ್ನೂ ಬಾಕಿಯಿತ್ತು.

"ಬಾಯಿ ತೆಗಿ," ಎಂದರು. ಕುರಿಯ ಬಾಯಿ ನೋಡುವಂತೆ ಗಲ್ಲ ಹಿಡಿದು ನೋಡಿದರು. "ನಿನಗೆ ಹುಣ್ಣು, ನನಗೆ ಹಲ್ಲಿಲ್ಲ. ಇಬ್ರಿಗೂ ಒಂದೇ ಅಡಿಗೆ ಆತು ಬಿಡು. ಮುದ್ದೆ ಅಗಿಯಾದಲ್ಲ ಕಣೆ, ನುಂಗಾದು."

ವಾಸನೆ ಒಳಗೆ ಬರಬಾರದೆಂದು ಹಿತ್ತಲಿನಲ್ಲಿ ಒಲೆ ಹೂಡಿದರು. ಮೃದುವಾದ ಮುದ್ದೆ, ಮೆಣಸಿನಕಾಯಿ ಕಾಣದ ಬೇಳೆ ಸಾರು, ಕಿವುಚಿದ ಮೊಟ್ಟೆ. ಗಡಿಯಾರ ನೋಡಲು ಬಾರದ ಅವರು ಎದುರಿನ ಶಾಲೆಯ ಗಂಟೆಯನ್ನೇ ನಂಬಿಕೊಂಡರು. "ಬೆಲ್ ಹೊಡೀತು, ಏಳು." ನಾನು ಬೇಡವೆಂದರೆ ತಮ್ಮ ತಟ್ಟೆಯನ್ನೂ ಸರಿಸಿ ಕುಳಿತುಬಿಡುತ್ತಿದ್ದರು. "ಸಕ್ಕರೆ ಕಾಯಿಲೆ ಮಾತ್ರೆ ನುಂಗೀನಿ. ನೀನು ಉಣ್ಣದಿದ್ರೆ ನಾನೂ ಉಣ್ಣಲ್ಲ. ತಲೆ ತಿರುಗಿ ಬಿದ್ರೆ ನಿನ್ ಮ್ಯಾಲೇ ಬರ್ತೈತೆ ನೋಡು." ಹೆದರಿಕೊಂಡು ಉಣ್ಣುತ್ತಿದ್ದೆ. ಅವರೊಂದು ತುತ್ತು, ನಾನೊಂದು ತುತ್ತು.

ಮೂರನೇ ದಿನ ಉಂಡದ್ದೆಲ್ಲ ಅವರ ಮಡಿಲಿಗೇ ವಾಂತಿಯಾಯಿತು. ನಾಚಿಕೆಯಿಂದ ಮುಖ ಮುಚ್ಚಿಕೊಂಡೆ. ಅವರು ಸೀರೆ ಬದಲಾಯಿಸಿ, ನನ್ನ ಮುಖ ಒರೆಸಿ, ಕೂದಲಿಲ್ಲದ ತಲೆ ಸವರಿದರು. "ಹೋಗ್ಲಿ ಬಿಡವ್ವ. ಎಳೇ ಮರಿಗಳೂ ಹಿಂಗೇ ಕಕ್ತವೆ. ಒಂದೀಟು ಹೊತ್ತು ಬಿಟ್ಟು ಮತ್ತೆ ಕುಡುಸ್ಬೇಕು." ಮುಂದಿನ ಬೆಲ್ಲಿಗೆ ಮತ್ತೆ ತಟ್ಟೆ ಬಂತು. ಆ ಸಲ ಉಂಡದ್ದು ಹೆದರಿಕೆಯಿಂದಲ್ಲ.

ಹತ್ತನೇ ದಿನ ನರ್ಸು ಮೊದಲು ನನ್ನ ಸೊಂಟ ತಡವಿ ನೋಡಿ, ಆಮೇಲೆ ಯಂತ್ರ ಹತ್ತಿಸಿದಳು. ಒಂದೂವರೆ ಕೆಜಿ ಏರಿತ್ತು. ರಕ್ತದ ಪರೀಕ್ಷೆಯೂ ಸರಿಯಾಗಿತ್ತು. ಅಂದೇ ಕೀಮೋ ಆಯಿತು. ಮುಂದಿನವೂ ಒಂದೊಂದಾಗಿ ಮುಗಿದವು.

ಹೋದ ತಿಂಗಳು ಡಾಕ್ಟರು ಎಲ್ಲ ಚೆನ್ನಾಗಿದೆಯೆಂದರು. ತಲೆಯ ಮೇಲೆ ಗರಿಕೆಯಂತೆ ಕೂದಲು ಬಂದಿದೆ. ಅತ್ತೆ, "ನಿನ್ ನಾಲಿಗೆ ರುಚಿ ನೆಟ್ಟಗಾದ ದಿನ ಊರಿಗೆ ಹೊಂಡ್ತೀನಿ," ಎನ್ನುತ್ತಲೇ ಇದ್ದರು. ಮೊನ್ನೆ ಭಾನುವಾರ ಸಾರಿನಲ್ಲಿ ಮುದ್ದೆ ಅದ್ದಿ ಬಾಯಿಗಿಟ್ಟೆ. ಬರೀ ಉಪ್ಪು! ಪಾಪ, ವಯಸ್ಸಾಯಿತು, ಎರಡು ಸಲ ಹಾಕಿಬಿಟ್ಟಿದ್ದಾರೆ ಎಂದುಕೊಂಡೆ. ಅವರು ಮಾತ್ರ ಮಜ್ಜಿಗೆ ಹಾಕಿಕೊಂಡು ಎದುರಿಗೆ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದರು.

"ಹೆಂಗೈತೆ?"

"ಬಹಳ ಚೆನ್ನಾಗಿದೆ ಅತ್ತೆ," ಎಂದು ಇನ್ನೊಂದು ಸೌಟು ಹಾಕಿಸಿಕೊಂಡೆ.

ಅವರು ನಿಟ್ಟುಸಿರು ಬಿಟ್ಟರು. "ಬೇಕಂತ್ಲೇ ಉಪ್ಪು ಸುರಿದಿದ್ದೆ ಕಣೆ, ನಿನ್ ನಾಲಿಗೆ ನೋಡಾಣ ಅಂತ. ಇನ್ನೂ ನೆಟ್ಟಗಾಗಿಲ್ಲ. ಆತು, ಇನ್ನೊಂದು ತಿಂಗ್ಳು ಇರ್ತೀನಿ."

ನಿಜ ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಎದ್ದು ಹೋಗಿ, ಊರಿಗೆಂದು ಕಟ್ಟಿಟ್ಟಿದ್ದ ಸೀರೆಗಳನ್ನು ಮತ್ತೆ ಬೀರುವಿನಲ್ಲಿ ಜೋಡಿಸತೊಡಗಿದ್ದರು. ನಾನು ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು, ಅಡಿಗೆಮನೆಗೆ ಹೋಗಿ ಮೂರು ಲೋಟ ನೀರು ಕುಡಿದೆ.